ಬೆನ್ನ ಹಿಂದಿನ ಹೂಂ

ಅವರಿಬ್ಬರು ಮೊದಲ ಸಲ ಮುಖಾಮುಖಿಯಾದದ್ದು ಒಂದು ಕಸದ ಡ್ರಮ್ಮಿನ ಆಚೀಚೆ. ಡ್ರಮ್ಮಿನ ತುಂಬ ಒಡೆದ ಮೊಟ್ಟೆಚಿಪ್ಪು. ಪೊರಕೆ ಹಿಡಿದು ನಿಂತವಳಿಗೆ ಹತ್ತೊಂಬತ್ತು ವರ್ಷ. ಕೋಳಿಮರಿ ಮಾಡುವ ಆ ಕಾರ್ಖಾನೆಗೆ ಗುಡಿಸುವ ಕೆಲಸಕ್ಕೆ ಸೇರಿ ಅಂದಿಗೆ ನಾಲ್ಕನೆಯ ದಿನ. ಕೊಟ್ಟಿದ್ದ ರಬ್ಬರ್ ಬೂಟು ಅವಳ ಕಾಲಿಗೆ ಎರಡು ಅಳತೆ ದೊಡ್ಡದಾಗಿದ್ದರಿಂದ ಬೆರಳಿನ ಕಡೆ ಹಳೆ ಬಟ್ಟೆ ತುರುಕಿಕೊಂಡಿದ್ದಳು. ಸುತ್ತಲೂ ಸಾವಿರಾರು ಮರಿಗಳ ಚೀಂವ್ ಚೀಂವ್. ಮನುಷ್ಯರು ಮಾತಾಡಬೇಕೆಂದರೆ ಕಿವಿಯ ಹತ್ತಿರ ಬಾಯಿ ತರಬೇಕು. ಅಂಥದರಲ್ಲಿ ಹುಡುಗಿ ಪೊರಕೆ ಬಿಸಾಕಿ, ಮೊಣಕೈವರೆಗೆ ಡ್ರಮ್ಮಿನೊಳಗೆ ಕೈ ಇಳಿಸಿ, ಚಿಪ್ಪಿನ ರಾಶಿಯ ತಳದಿಂದ ಒದ್ದೆ ಮೈಯ ಒಂದು ಮರಿಯನ್ನು ಎತ್ತಿ ತೆಗೆದಳು.

ಎದುರಿಗೆ ಕೈ ತೊಳೆಯಲು ಬಂದಿದ್ದ ಹೆಂಗಸು ನಲ್ಲಿ ನಿಲ್ಲಿಸಿ ನೋಡಿದಳು. ಹಣೆಗೆ ಪಟ್ಟಿ ಕಟ್ಟಿದ ಪುಟ್ಟ ದೀಪ, ಬಿಳಿ ಕೋಟು, ಎಡಗೈಯ ಹೆಬ್ಬೆರಳ ಉಗುರು ಮಾತ್ರ ಅರ್ಧಚಂದ್ರದ ಹಾಗೆ ನುಣ್ಣಗೆ ಕತ್ತರಿಸಿದ್ದು.

"ಇಷ್ಟು ಗಲಾಟೇಲಿ ಅದು ನಿಂಗೆ ಹೇಗೆ ಕೇಳಿಸ್ತು?"

"ಕೇಳಿಸ್ತು."

"ಅದೇ, ಹೇಗೆ?"

"ಬೇರೆ ಥರ ಕೂಗ್ತಿತ್ತು."

"ಬೇರೆ ಅಂದ್ರೆ?"

ಹುಡುಗಿ ಯೋಚಿಸಿದಳು. ಮರಿಯನ್ನು ಕಿವಿಯ ಹತ್ತಿರ ಹಿಡಿದಳು. "ಗೊತ್ತಿಲ್ಲಕ್ಕ."

"ಒಳ್ಳೇದಾಯ್ತು. ಎಲ್ಲಾ ಗೊತ್ತಿರೋರು ನಂಗೆ ಬೇಡ. ಕೈ ತೊಳ್ಕೊಂಡು ಬಾ, ಮೊದ್ದು."

ಆ ಹೆಂಗಸನ್ನು ಕಾರ್ಖಾನೆಯಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಒಂದು ದಿನದ ಮರಿಗಳಲ್ಲಿ ಹೆಣ್ಣು ಯಾವುದು, ಗಂಡು ಯಾವುದು ಎಂದು ಆರಿಸುವುದು ಅವಳ ಕೆಲಸ. ಮರಿಯೆಲ್ಲ ನೋಡಲು ಒಂದೇ. ಅದೇ ಹಳದಿ, ಅದೇ ತುಪ್ಪಳ, ಅದೇ ಗಾಬರಿ. ಎಡಗೈಲಿ ಬೋರಲು ಹಿಡಿದು, ಬಾಲದ ಕೆಳಗೆ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ ಬಿಡಿಸಿದರೆ, ಒಳಗೆ ಸಾಸಿವೆಗಿಂತ ಚಿಕ್ಕದೊಂದು ಉಬ್ಬು ಕಾಣುತ್ತದೆ. ಕೆಲವದರಲ್ಲಿ ಕಾಣುವುದೂ ಇಲ್ಲ. ಆ ಉಬ್ಬಿಗೆ ಅವರ ಮಾತಿನಲ್ಲಿ ಕಾಳು ಎಂದು ಹೆಸರು. ಕಾಳು ನೋಡಿ, ಹೆಣ್ಣಾದರೆ ಎಡಗಡೆ ಬುಟ್ಟಿ, ಗಂಡಾದರೆ ಬಲಗಡೆ ಬುಟ್ಟಿ. ಎಡಗಡೆಯವು ಮೊಟ್ಟೆ ಇಡುವ ಫಾರಮ್ಮುಗಳಿಗೆ ಹೋಗುತ್ತಿದ್ದವು. ಬಲಗಡೆಯವು ಎಲ್ಲಿಗೆ ಹೋಗುತ್ತವೆ ಎಂದು ಆ ಮೇಜಿನಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹೊಸದರಲ್ಲಿ ಒಮ್ಮೆ ಕೇಳಿದ್ದಕ್ಕೆ ದೊಡ್ಡಕ್ಕ, "ನಾನು ಆ ಬಾಗಿಲ ಕಡೆ ಬೆನ್ನು ಮಾಡಿ ಕೂತಿದ್ದೀನಿ, ನೀನೂ ಹಾಗೇ ಕೂತ್ಕೊ" ಎಂದಿದ್ದಳು.

ಕಲಿಸುವುದೆಂದರೆ ಏನಾದರೂ ಹೇಳಿಕೊಡುತ್ತಾರೆ ಎಂದು ಮೊದ್ದು ಅಂದುಕೊಂಡಿದ್ದಳು. ಹೆಸರು ಆಗಲೇ ಅವಳಿಗೆ ಅಂಟಿಕೊಂಡಿತ್ತು; ಮುಂದೆ ಅವಳ ಗಂಡನೂ ಹಾಗೇ ಕರೆದ. ಹೇಳಿಕೊಡುವ ಮಾತೇ ಇರಲಿಲ್ಲ. ದೊಡ್ಡಕ್ಕ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ತಾನು ಬೆನ್ನ ಹಿಂದೆ ನಿಂತು, ಭುಜದ ಮೇಲಿಂದ ನೋಡುತ್ತಿದ್ದಳು. ಮೊದ್ದು ಮರಿ ಎತ್ತಿ, ಬಿಡಿಸಿ, ಕಣ್ಣು ಕಿರಿದು ಮಾಡಿ, ತೋಚಿದ ಹಾಗೆ ಎಡಕ್ಕೋ ಬಲಕ್ಕೋ ಹಾಕಬೇಕು. ಹಾಕುವ ಮೊದಲೇ ಹಿಂದಿನಿಂದ ಬರುತ್ತಿತ್ತು: "ಹೂಂ." ಇಲ್ಲವೇ, "ಊಹೂಂ." ಅಷ್ಟೆ.

"ಯಾಕೆ ಊಹೂಂ ಅಂತ ಹೇಳಿದ್ರೆ ತಾನೇ ತಿಳಿಯೋದು?" ಎಂದು ಎರಡನೇ ವಾರ ಅವಳು ಅಳುವ ದನಿಯಲ್ಲಿ ಕೇಳಿದಳು.

"ಹೇಳೋಕೆ ಬಂದಿದ್ರೆ ನಾನು ಮೇಷ್ಟ್ರಾಗ್ತಿದ್ದೆ. ಇನ್ನೊಂದು ಎತ್ತು."

ಒಂದು ತಿಂಗಳು ಅವಳ ಪಾಲಿಗೆ ಎಲ್ಲಾ ಕಾಳೂ ಒಂದೇ ಕಾಳು. ಎರಡನೇ ತಿಂಗಳಲ್ಲಿ ಊಹೂಂಗಳು ಕಡಿಮೆಯಾದವು. ಯಾಕೆಂದು ಅವಳಿಗೇ ತಿಳಿಯದು. ಕಣ್ಣಿಗಿಂತ ಮುಂಚೆ ಕೈ ಹೊರಡುತ್ತಿತ್ತು. ಕಣ್ಣು ಅನುಮಾನ ಪಡುತ್ತಿರುವಾಗಲೇ ಮರಿ ಬುಟ್ಟಿ ಸೇರಿರುತ್ತಿತ್ತು, ಹಿಂದಿನಿಂದ ಹೂಂ ಬಂದಿರುತ್ತಿತ್ತು. ಆಗ ಅವಳಿಗೆ ಇನ್ನೊಂದು ಸಂಗತಿ ಗೊತ್ತಾಯಿತು. ಹೂಂಗಳೂ ಒಂದೇ ಅಲ್ಲ. ಗಿಡ್ಡ ಹೂಂ ಎಂದರೆ ಸರಿ. ಸ್ವಲ್ಪ ಎಳೆದ ಹೂಂ ಎಂದರೆ ಸರಿ, ಆದರೆ ನಿಧಾನ. ಮೂಗಿನಲ್ಲೇ ಮುಗಿದು ಹೋಗುವ ಹೂಂ ಎಂದರೆ, ಕಷ್ಟದ್ದನ್ನೇ ಹಿಡಿದೆಯಲ್ಲ, ಭಲೆ. ಈ ಕೊನೆಯದು ದಿನಕ್ಕೆ ಒಂದೋ ಎರಡೋ. ಅದಕ್ಕಾಗಿ ಅವಳು ಬೆಳಿಗ್ಗೆ ಆರಕ್ಕೆ ಎದ್ದು ಎರಡು ಬಸ್ಸು ಹಿಡಿದು ಬರುತ್ತಿದ್ದಳು ಎಂದರೆ ಹೆಚ್ಚಲ್ಲ. ಮನೆಯಲ್ಲಿ ಅವಳಿಗೆ ಸರಿ ಎಂದವರು ಅದುವರೆಗೆ ಯಾರೂ ಇರಲಿಲ್ಲ.

ನಾಲ್ಕನೇ ತಿಂಗಳ ಒಂದು ಮಧ್ಯಾಹ್ನ ಹಿಂದಿನಿಂದ ಏನೂ ಕೇಳಿಸದೆ ತಿರುಗಿ ನೋಡಿದರೆ, ದೊಡ್ಡಕ್ಕ ಅಲ್ಲಿರಲಿಲ್ಲ. ಮೇಜಿನ ಆ ತುದಿಯಲ್ಲಿ ತನ್ನ ಸ್ಟೂಲಿನ ಮೇಲೆ ಕೂತು ತನ್ನ ಮರಿಗಳನ್ನು ಆರಿಸುತ್ತಿದ್ದಳು.

"ಯಾವಾಗ ಹೋದ್ರಿ?"

"ಊಟ ಆದಾಗಿನಿಂದ ಇಲ್ಲೇ ಇದ್ದೀನಿ. ನೀನು ಯಾರ ಹೂಂ ಕೇಳಿಸ್ಕೊಂಡು ಕೆಲಸ ಮಾಡ್ತಿದ್ದೆ?"

ಹಾಗೆ ಆ ಮೇಜಿನಲ್ಲಿ ಇಬ್ಬರು ಎದುರುಬದುರು ಒಂಬತ್ತು ವರ್ಷ ಕೂತರು. ಮೊದ್ದು ಮದುವೆಯಾದಳು, ಗಂಡ ಕಾರಿನ ಸೀಟುಗಳಿಗೆ ಕವರು ಹೊಲಿಯುವವನು. ಬಸುರಿಯಾದಳು, ಹೆತ್ತಳು, ಮಗಳನ್ನು ಅತ್ತೆಯ ಕೈಗೆ ಕೊಟ್ಟು ಮತ್ತೆ ಬಂದು ಕೂತಳು. ಗಂಟೆಗೆ ಎಂಟುನೂರು ಮರಿ ಇಬ್ಬರ ಕೈಯಲ್ಲೂ ದಾಟುತ್ತಿದ್ದವು. ದೊಡ್ಡಕ್ಕನಿಗೆ ಮದುವೆ ಇಲ್ಲ, ಮಕ್ಕಳಿಲ್ಲ. ಬಾಡಿಗೆಯ ಒಂದು ಕೋಣೆ, ಕಿಟಕಿಯಲ್ಲಿ ಒಂದು ರೇಡಿಯೋ, ಅಷ್ಟೆ. ಮಾತೂ ಕಡಿಮೆ. ಮೊದ್ದುವಿನ ಮಗು ರಾತ್ರಿಯೆಲ್ಲ ಅತ್ತಿದೆ ಎಂಬುದನ್ನು ಮಾತ್ರ ಅವಳು ಮುಖ ನೋಡದೆಯೇ ತಿಳಿಯುತ್ತಿದ್ದಳು. "ಇವತ್ತು ನಿನ್ನ ಕೈ ನಿಧಾನ, ಹೋಗು, ಮುಖ ತೊಳ್ಕೊಂಡು ಬಾ."

ನೂರಕ್ಕೆ ಮೂರು ನಾಲ್ಕು ತಪ್ಪುವುದು ಇಬ್ಬರಿಗೂ ಇತ್ತು. ಅಷ್ಟನ್ನು ಯಾರೂ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ಹತ್ತನೆಯ ವರ್ಷ ಕಂಪನಿ ಹೊಸ ತಳಿ ತರಿಸಿತು. ನಾಲ್ಕು ತಿಂಗಳು ಕಳೆದ ಮೇಲೆ ಫಾರಮ್ಮಿನವರು ಲಾರಿ ಮಾಡಿಕೊಂಡು ಜಗಳಕ್ಕೇ ಬಂದರು. ಹೆಣ್ಣು ಎಂದು ಕೊಟ್ಟ ಸಾವಿರದಲ್ಲಿ ನೂರಹತ್ತು ಹುಂಜಗಳಾಗಿ ಬೆಳಗಿನ ಜಾವಕ್ಕೆ ಕೂಗುತ್ತಿವೆಯಂತೆ. ಬುಟ್ಟಿಯ ಚೀಟಿಯಲ್ಲಿದ್ದದ್ದು ಮೇಜಿನ ನಂಬರು, ನಾಲ್ಕು. ಆ ಮೇಜಿನಲ್ಲಿ ಇರುವವರು ಇಬ್ಬರು. ಸೂಪರ್‌ವೈಸರು ಸೊಂಟಕ್ಕೆ ಕೈಯಿಟ್ಟು ನಿಂತು ಕೇಳಿದ: "ಯಾರದ್ದು ಇದು?"

ಮೊದ್ದುವಿನ ಕೈಯಲ್ಲೊಂದು ಮರಿ ಇತ್ತು. ಆ ಬುಟ್ಟಿ ಆರಿಸಿದ ವಾರ ಮಗಳಿಗೆ ಜ್ವರ, ಅವಳಿಗೆ ನಿದ್ದೆ ಇರಲಿಲ್ಲ. ಅದು ತನ್ನದೇ ಎಂದು ಅವಳ ಹೊಟ್ಟೆ ಹೇಳಿತು. ಕಣ್ಣನ್ನು ಮರಿಯ ಮೇಲಿಂದ ಎತ್ತಲಿಲ್ಲ.

"ನಂದು," ಎಂದಳು ದೊಡ್ಡಕ್ಕ. "ಕಣ್ಣು ಮೊದಲಿನ ಹಾಗಿಲ್ಲ." ಹಣೆಯ ದೀಪ ಬಿಚ್ಚಿ, ಪಟ್ಟಿ ಸುತ್ತಿ ಮೇಜಿನ ಮೇಲಿಟ್ಟಳು. ಕೋಟನ್ನು ಮೊಳೆಗೆ ತಗುಲಿಸಿದಳು. ಮೊದ್ದುವಿನ ಬೆನ್ನ ಹಿಂದೆ ಹಾದು ಹೋಗುವಾಗ ಒಂದು ಗಳಿಗೆ ನಿಂತ ಹಾಗಾಯಿತು. ಹೂಂ ಬರಲಿಲ್ಲ, ಊಹೂಂ ಬರಲಿಲ್ಲ. ಮೊದ್ದು ಕೈಯಲ್ಲಿದ್ದ ಮರಿಯನ್ನು ಎಡಗಡೆ ಬುಟ್ಟಿಗೆ ಹಾಕಿದಳು.

ಭಾನುವಾರ ಆ ಬಾಡಿಗೆ ಕೋಣೆಗೆ ಹೋದರೆ ಬೀಗ. ತಂಗಿಯ ಜೊತೆ ಹೋದರು, ಎಲ್ಲಿಗೆ ಅಂತ ಹೇಳಲಿಲ್ಲ ಎಂದ ಮನೆಯ ಯಜಮಾನ. ಕಿಟಕಿಯಲ್ಲಿ ರೇಡಿಯೋ ಇಟ್ಟಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಮಾತ್ರ ಕಂಡಿತು.

ಕಂಪನಿ ಹೊಸ ತಳಿ ಕೈಬಿಟ್ಟು ಹಳೆಯದಕ್ಕೇ ಮರಳಿತು. ಮೊದ್ದು ಮತ್ತೆ ಹನ್ನೊಂದು ವರ್ಷ ನಾಲ್ಕನೇ ಮೇಜಿನಲ್ಲಿ ಕೂತಳು. ಎದುರಿನ ಸ್ಟೂಲಿಗೆ ಯಾರ್ಯಾರೋ ಬಂದರು, ಹೋದರು. ಕೆಲಸ ಕೈಗೆ ಬಂದಿತ್ತು, ಯೋಚಿಸಬೇಕಾಗಿರಲಿಲ್ಲ. ಅದೇ ಕಷ್ಟವಾದದ್ದು. ಯೋಚನೆಯೆಲ್ಲ ಖಾಲಿ ಬಿದ್ದು ಬೆನ್ನ ಹಿಂದೆ ಹೋಗಿ ನಿಲ್ಲುತ್ತಿತ್ತು. ಕಷ್ಟದ ಮರಿಯೊಂದನ್ನು ಆರಿಸಿದಾಗ ಅವಳ ಕೈ ಬುಟ್ಟಿಯ ಮೇಲೆ ಅರೆಗಳಿಗೆ ತಡೆಯುತ್ತಿತ್ತು, ಮೂಗಿನಲ್ಲಿ ಮುಗಿಯುವ ಆ ಸದ್ದಿಗೆ ಜಾಗ ಬಿಟ್ಟ ಹಾಗೆ. ಮನೆಯಲ್ಲಿ ಸೊಪ್ಪು ಹೆಚ್ಚುವಾಗಲೂ ಹಾಗೇ. ಒಮ್ಮೆ ಮಗಳು ಕೇಳಿಯೇಬಿಟ್ಟಳು: "ಅಮ್ಮ, ನೀನು ಪದೇ ಪದೇ ಹಿಂದೆ ನೋಡ್ತೀಯಲ್ಲ, ಯಾರನ್ನ?"

"ಯಾರೂ ಇಲ್ಲ. ಕತ್ತು ಹಿಡ್ಕೊಂಡಿದೆ."

"ಹನ್ನೊಂದು ವರ್ಷದಿಂದ ಹಿಡ್ಕೊಂಡಿದೆ," ಎಂದ ಗಂಡ, ಸೂಜಿಗೆ ದಾರ ಪೋಣಿಸುತ್ತ.

ಆಮೇಲೆ ಒಂದು ಸೋಮವಾರ ಕಾರ್ಡಿನ ಹುಡುಗಿ ಬಂದಳು. ವಿಶ್ವವಿದ್ಯಾಲಯದಲ್ಲಿ ಓದುವವಳು, ಹೆಗಲಿಗೆ ಚೀಲ, ಕೈಯಲ್ಲಿ ಪೆಟ್ಟಿಗೆ. ಮನುಷ್ಯರೂ ಪ್ರಾಣಿಗಳೂ ಒಂದರ ಹಾಗೇ ಒಂದು ಇರುವ ಎರಡು ವಸ್ತುಗಳನ್ನು ಬೇರೆ ಬೇರೆ ಎಂದು ಗುರುತಿಸಲು ಹೇಗೆ ಕಲಿಯುತ್ತಾರೆ ಎಂಬುದು ಅವಳ ಅಧ್ಯಯನ. ಪೆಟ್ಟಿಗೆಯಲ್ಲಿ ನೂರು ಕಾರ್ಡು. ಪ್ರತಿ ಕಾರ್ಡಿನಲ್ಲೂ ಒಂದೊಂದು ಮರಿಯ ಕಾಳಿನ ಫೋಟೋ, ಅಂಗೈಯಷ್ಟು ದೊಡ್ಡದು ಮಾಡಿದ್ದು. ಆ ಮರಿಗಳ ಕಾಲಿಗೆ ಉಂಗುರ ಹಾಕಿ, ಜುಟ್ಟು ಬರುವವರೆಗೂ ಸಾಕಿ ನೋಡಿದ್ದರಿಂದ ಯಾವುದು ಹೆಣ್ಣು, ಯಾವುದು ಗಂಡು ಎಂಬುದು ಅವಳಿಗೆ ಖಾತ್ರಿಯಾಗಿ ಗೊತ್ತಿತ್ತು.

"ನಿಮಗೆ ಇದನ್ನ ಯಾರು ಹೇಗೆ ಕಲಿಸಿದ್ರು?" ಎಂದು ಅವಳು ಪುಸ್ತಕ ತೆರೆದು ಕೇಳಿದಳು.

ಮೊದ್ದು ಹೇಳಿದಳು. ಹುಡುಗಿಯ ಮುಖ ಅರಳಿತು. "ಅಯ್ಯೋ, ನಾವು ಪಾರಿವಾಳಕ್ಕೂ ಹೀಗೇ ಕಲಿಸ್ತೀವಿ! ಎರಡು ಚಿತ್ರ ಇಡ್ತೀವಿ. ಸರಿಯಾದ್ದನ್ನ ಕುಕ್ಕಿದ್ರೆ ಒಂದು ಕಾಳು ಜೋಳ. ತಪ್ಪಿದ್ರೆ ಏನೂ ಇಲ್ಲ."

"ಪಾರಿವಾಳವೇ ವಾಸಿ. ನಂಗೆ ಜೋಳನೂ ಸಿಗಲಿಲ್ಲ, ಬರೀ ಹೂಂ."

ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಅವಳು ನೂರು ಕಾರ್ಡನ್ನೂ ಎಡಕ್ಕೂ ಬಲಕ್ಕೂ ಹಾಕಿ ಮುಗಿಸಲು ಐದು ನಿಮಿಷ ಹಿಡಿಯಲಿಲ್ಲ. ಹುಡುಗಿ ಕಾರ್ಡುಗಳ ಹಿಂದಿನ ನಂಬರು ನೋಡಿ ಗುರುತು ಹಾಕಿಕೊಂಡಳು. ತೊಂಬತ್ತೆರಡು ಸರಿ, ಎಂಟು ತಪ್ಪು. ಕಷ್ಟದವನ್ನೇ ಹೆಚ್ಚಿಗೆ ಸೇರಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ ಎಂದಳು. ಆಮೇಲೆ ಚೀಲದಿಂದ ಇನ್ನೊಂದು ಹಾಳೆ ತೆಗೆದು ಪಕ್ಕದಲ್ಲಿಟ್ಟು ನೋಡಿದಳು. ಮತ್ತೆ ನೋಡಿದಳು. ಪೆನ್ನಿನ ತುದಿ ಕಚ್ಚಿದಳು.

"ಏನಾಯ್ತಮ್ಮ?"

"ಏನಿಲ್ಲ. ಹನ್ನೆರಡು ಜನಕ್ಕೆ ಈ ಕಾರ್ಡು ತೋರಿಸಿದ್ದೀನಿ. ಒಬ್ಬೊಬ್ಬರು ಒಂದೊಂದು ಕಡೆ ತಪ್ಪಿದ್ದಾರೆ. ನಿಮ್ಮ ಈ ಎಂಟು, ಇನ್ನೊಬ್ಬರೂ ಇದೇ ಎಂಟು ತಪ್ಪಿದ್ದಾರೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ."

ಕ್ಯಾಂಟೀನಿನಲ್ಲಿ ಯಾರೋ ಲೋಟ ಕುಕ್ಕಿದ ಸದ್ದು. ಮೊದ್ದು ಮೇಜಿನ ಅಂಚು ಹಿಡಿದುಕೊಂಡಳು.

"ಬದುಕಿದ್ದಾರಾ?"

"ಯಾರು?"

"ಎಡಗೈ ಹೆಬ್ಬೆರಳ ಉಗುರು ದುಂಡಗೆ ಕತ್ತರಿಸಿರ್ತಾರೆ. ರೇಡಿಯೋ ಇರುತ್ತೆ, ಕಿಟಕೀಲಿ."

ಹುಡುಗಿಯ ಮುಖವೇ ಉತ್ತರ ಕೊಟ್ಟಿತು. ಬಾಯಿ ಮಾತ್ರ ನಿಯಮ ಹೇಳಿತು. "ಯಾರು ಏನು ಅಂತ ನಾನು ಹೇಳೋ ಹಾಗಿಲ್ಲ. ಅವರೂ ಬೇಡ ಅಂದಿದ್ದಾರೆ. ಕಣ್ಣು ಮಂಜಾಗಿದೆ, ಹಳಬರ ಮುಂದೆ ಕೂರೋದಿಲ್ಲ ಅಂದ್ರು. ಫೋಟೋನ ಇನ್ನೂ ದೊಡ್ಡದು ಮಾಡಿಸ್ಕೊಂಡು ಹೋಗಿದ್ದೆ." ಹೇಳಬಾರದ್ದನ್ನೆಲ್ಲ ಹೇಳಿ ಮುಗಿಸಿದ್ದು ಆಮೇಲೆ ಅವಳ ಅರಿವಿಗೆ ಬಂದು ನಾಲಿಗೆ ಕಚ್ಚಿಕೊಂಡಳು.

ಮೊದ್ದು ಆ ಎಂಟು ಕಾರ್ಡುಗಳನ್ನು ಕೇಳಿ ಪಡೆದು ಸಾಲಾಗಿ ಹರಡಿಕೊಂಡಳು. ಎಂಟರಲ್ಲೂ ಕಾಳು ಗುಂಡಗಿರಲಿಲ್ಲ. ಚಪ್ಪಟೆ, ನಡುವೆ ಒಂದು ಸಣ್ಣ ಸೀಳು, ಒಡೆದ ಬೇಳೆಯ ಹಾಗೆ. ಒಂದು ಕ್ಷಣವೂ ಅನುಮಾನವಿಲ್ಲದೆ ಅವಳು ಎಂಟನ್ನೂ ಹೆಣ್ಣು ಎಂದಿದ್ದಳು.

"ಇವೆಲ್ಲ ಗಂಡಾ?"

"ಎಲ್ಲಾ ಗಂಡು. ಆ ಸೀಳು ಇದ್ರೆ ಗಂಡೇ. ಹಳೇ ತಳೀಲಿ ಅಪರೂಪ. ನಡುವೆ ಒಂದು ತಳಿ ಬಂದಿತ್ತಂತಲ್ಲ, ಅದರಲ್ಲಿ ಹತ್ತಕ್ಕೊಂದು ಹೀಗೇ ಇರ್ತಿತ್ತು."

ಹತ್ತಕ್ಕೊಂದು. ಸಾವಿರಕ್ಕೆ ನೂರಹತ್ತು. ಹನ್ನೊಂದು ವರ್ಷ ಅವಳು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದ ಗಂಟು ಆ ಮೇಜಿನ ಮೇಲೆ ಬಿಚ್ಚಿಕೊಂಡಿತು. ಮಗಳ ಜ್ವರವೂ ಅಲ್ಲ, ನಿದ್ದೆಗೆಟ್ಟ ಕಣ್ಣೂ ಅಲ್ಲ. ಆ ಬುಟ್ಟಿ ಯಾರದ್ದಾಗಿದ್ದರೂ ತಪ್ಪು ಅಷ್ಟೇ ಆಗುತ್ತಿತ್ತು. ಒಡೆದ ಕಾಳು ಬಂದಾಗಲೆಲ್ಲ ಅವಳ ಕೈ ಎಡಕ್ಕೆ ಹೋಗಿತ್ತು; ಹೋದಾಗಲೆಲ್ಲ ಬೆನ್ನ ಹಿಂದಿನಿಂದ ಬಂದಿತ್ತಲ್ಲವೇ, ಹೂಂ. ಅದೂ ಮೂಗಿನಲ್ಲಿ ಮುಗಿಯುವುದು. ದೊಡ್ಡಕ್ಕ ಸುಳ್ಳು ಹೇಳಿ ಯಾರನ್ನೂ ಉಳಿಸಿರಲಿಲ್ಲ. ಅಥವಾ ಉಳಿಸಿದ್ದಳು, ತನ್ನ ಕಣ್ಣು ಸರಿಯಾಗೇ ಇದೆ, ತಪ್ಪಿದ್ದು ಮೊದ್ದುವೇ ಎಂದು ನಂಬಿಕೊಂಡೇ ಉಳಿಸಿದ್ದಳು. ಎರಡರಲ್ಲಿ ಯಾವುದು ಎಂದು ದೊಡ್ಡಕ್ಕ ಒಬ್ಬಳೇ ಹೇಳಬಲ್ಲಳು.

"ಈಗ ಗೊತ್ತಾಯ್ತಲ್ಲ, ಒಂದು ವಾರದಲ್ಲಿ ಸರಿ ಹೋಗುತ್ತೆ ಬಿಡಿ," ಎಂದಳು ಹುಡುಗಿ ಸಮಾಧಾನಕ್ಕೆ.

ಸೂಪರ್‌ವೈಸರಿಗೂ ಅದೇ ಬೇಕಿತ್ತು. ಹೊಸ ಮೇಜು ಹಾಕಿ ಇಬ್ಬರು ಹುಡುಗಿಯರಿಗೆ ಕಲಿಸಬೇಕು. ಕಲಿಸುವವರು ನೂರಕ್ಕೆ ತೊಂಬತ್ತೊಂಬತ್ತು ಇರಬೇಕು ಎಂದು ಕಂಪನಿಯ ಹಟ. "ನೂರಕ್ಕೆ ಆ ಮೂರು ತಪ್ಪು ಬಿಟ್ಟುಬಿಡು ಮಾರಾಯ್ತಿ, ಆ ಜಾಗ ನಿಂದೇ," ಎಂದ.

ಬಿಟ್ಟುಬಿಡುವುದು. ಅಂದಿನಿಂದ ಒಡೆದ ಕಾಳು ಕೈಗೆ ಬಂದಾಗಲೆಲ್ಲ ಅವಳಿಗೆ ತಿಳಿಯುತ್ತಿತ್ತು, ಇದು ಬಲಕ್ಕೆ ಹೋಗಬೇಕು ಎಂದು. ತಿಳಿದೂ ಎಡಕ್ಕೆ ಹಾಕುತ್ತಿದ್ದಳು. ಮೂರು ದಿನ ಹಾಗೆ ಮಾಡಿದಳು. ಉಳಿದ ತೊಂಬತ್ತೇಳು ಕಾಳು ಲೋಕದ ಯಾರು ಆರಿಸಿದರೂ ಹಾಗೇ ಆರಿಸುತ್ತಾರೆ. ಅದರಲ್ಲಿ ದೊಡ್ಡಕ್ಕನದ್ದು ಎಂದು ಏನಿದೆ? ಈ ಮೂರು ಮಾತ್ರ ಅವಳು ಕೊಟ್ಟದ್ದು. ಲೋಕದಲ್ಲಿ ಎರಡೇ ಕೈಗಳಲ್ಲಿ ಇರುವಂಥದ್ದು.

ಮೂರನೆಯ ದಿನ ಸಂಜೆ ಗಂಡನಿಗೆ ಹೇಳಿದಳು. ಅವನು ಹೊಲಿಗೆ ನಿಲ್ಲಿಸಿ ಎಲ್ಲ ಕೇಳಿಸಿಕೊಂಡ. "ತಪ್ಪು ಅಂತ ಗೊತ್ತಿದ್ದೂ ಮಾಡ್ತಿದ್ದೀಯ. ಅವರು ಹಿಂದೆ ನಿಂತಿದ್ರೆ ಈಗ ಏನಂತಿದ್ರು?"

ಅವಳು ನೆಲಕ್ಕೆ ಬಿದ್ದಿದ್ದ ದಾರದ ತುಂಡು ಎತ್ತಿ ಬೆರಳಿಗೆ ಸುತ್ತಿಕೊಂಡಳು. "ಊಹೂಂ ಅಂತಿದ್ರು."

ಕಾರ್ಡಿನ ಹುಡುಗಿ ಮುಂದಿನ ವಾರ ಬಂದಾಗ ಮೊದ್ದು ಅವಳ ಕೈ ಹಿಡಿದುಕೊಂಡಳು. "ವಿಳಾಸ ಕೇಳಲ್ಲ. ಒಂದು ಮಾತು ಮುಟ್ಟಿಸು. ಒಡೆದ ಕಾಳು ಗಂಡು ಅಂತ ಹೇಳು. ನಾಲ್ಕನೇ ಮೇಜಿನ ಮೊದ್ದು ಹೇಳಿದ್ಲು ಅಂತ ಹೇಳು."

"ಅಧ್ಯಯನ ಮುಗಿಯೋವರೆಗೆ ಹೇಳೋಕಾಗಲ್ಲ. ಇನ್ನೊಂದು ಸಲ ಅವರಿಗೆ ಕಾರ್ಡು ತೋರಿಸೋದಿದೆ."

"ಮುಗಿದ ಮೇಲೆ ಹೇಳು. ನಾನೇನು ಓಡಿ ಹೋಗಲ್ಲ."

ಎರಡು ತಿಂಗಳು ಕಾದಳು. ಆ ಮಾತು ದೊಡ್ಡಕ್ಕನಿಗೆ ನೋವು ಮಾಡಿದರೆ ಎಂದು ಒಂದು ದಿನ ಅನ್ನಿಸುತ್ತಿತ್ತು, ಮಾತು ಮುಟ್ಟದೇ ಹೋದರೆ ಎಂದು ಇನ್ನೊಂದು ದಿನ. ಕೊನೆಗೊಂದು ಮಧ್ಯಾಹ್ನ ಹುಡುಗಿ ಕೈ ತೊಳೆಯುವ ನಲ್ಲಿಯ ಹತ್ತಿರವೇ ಅವಳನ್ನು ಹಿಡಿದಳು.

"ಹೇಳಿದೆ."

"ಏನಂದ್ರು?"

"ಹೆಚ್ಚೇನಿಲ್ಲ. ರೇಡಿಯೋ ನಿಲ್ಲಿಸಿದ್ರು. ಆಮೇಲೆ ಹೂಂ ಅಂದ್ರು."

"ಯಾವ ಹೂಂ?"

"ಯಾವುದು ಅಂದ್ರೆ? ಹೂಂ."

"ಗಿಡ್ಡದಾ, ಎಳೆದದ್ದಾ? ಮೂಗಲ್ಲಿ ಮುಗೀತಾ?" ಮೊದ್ದು ಮೂರನ್ನೂ ಅಂದು ತೋರಿಸಿದಳು. ಹುಡುಗಿ ತಲೆ ಓರೆ ಮಾಡಿ ಕೇಳಿಸಿಕೊಂಡಳು. ಇನ್ನೊಮ್ಮೆ ಅನ್ನಿ ಎಂದಳು. ಸೋತು ಕೈ ಚೆಲ್ಲಿದಳು. "ನಂಗೆ ಮೂರೂ ಒಂದೇ ಥರ ಕೇಳಿಸ್ತಿದೆ."

"ಪಾರಿವಾಳಕ್ಕೆ ಕಲಿಸ್ತೀನಿ ಅಂತೀಯ, ಇಷ್ಟು ತಿಳಿಯಲ್ವಾ?" ಮೊದ್ದು ಒದ್ದೆ ಕೈಯನ್ನು ಕೋಟಿಗೆ ಒರೆಸಿಕೊಂಡಳು. "ಹೋಗಲಿ. ಕೈ? ಅವರ ಎಡಗೈ ಏನು ಮಾಡ್ತಿತ್ತು?"

ಹುಡುಗಿ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ಕಿಟಕಿ. ಕುರ್ಚಿ. ತೊಡೆಯ ಮೇಲೆ ಮುಚ್ಚಿದ ಮುಷ್ಟಿ. "ಏನೋ ಹಿಡ್ಕೊಂಡ ಹಾಗೆ ಇತ್ತು, ಮೆತ್ತಗೆ. ಹೆಬ್ಬೆರಳು ಒಂದು ಸಲ ಒತ್ತಿದ ಹಾಗೆ ಮಾಡಿದ್ರು. ಆಮೇಲೆ ಹೀಗೆ..." ಅವಳು ತನ್ನ ಖಾಲಿ ಕೈಯನ್ನು ಗಾಳಿಯಲ್ಲಿ ಸರಿಸಿ ತೋರಿಸಿದಳು.

ಬಲಕ್ಕೆ.

ಮೊದ್ದು ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಾಕಿಕೊಂಡಳು. ಆಮೇಲೆ ಮೇಜಿಗೆ ಹೋಗಿ ಕೂತಳು. ಮುಂದೆ ಬಂದ ಒಡೆದ ಕಾಳನ್ನು ಬಲಗಡೆ ಬುಟ್ಟಿಗೆ ಹಾಕಿದಳು. ಬೆನ್ನ ಹಿಂದೆ ಯಾರೂ ಇರಲಿಲ್ಲ.

ವಾರ ಕಳೆದರೂ, ತಿಂಗಳು ಕಳೆದರೂ ಆ ಮರಿ ಕೈಗೆ ಬಂದಾಗ ಕೈ ಮೊದಲು ಎಡಕ್ಕೇ ಹೊರಡುತ್ತಿತ್ತು; ಅವಳು ಅದನ್ನು ತಡೆದು ಬಲಕ್ಕೆ ತರುತ್ತಿದ್ದಳು. ಯಾಕೆ ಹೀಗೆ ಎಂದು ಹುಡುಗಿಯನ್ನು ಕೇಳಿದ್ದಕ್ಕೆ ಅವಳೆಂದಳು: "ಕಲಿತದ್ದು ಅಳಿಸಿ ಹೋಗಲ್ಲ. ಅದರ ಮೇಲೆ ಹೊಸದು ಕೂರುತ್ತೆ ಅಷ್ಟೆ. ಕೆಳಗೆ ಹಳೇದು ಹಾಗೇ ಇರುತ್ತೆ. ಪಾರಿವಾಳದಲ್ಲೂ ಹಾಗೇ."

"ಇರಲಿ ಬಿಡು," ಎಂದಳು ಮೊದ್ದು. ಅದಕ್ಕಿಂತ ಒಳ್ಳೆಯ ಸುದ್ದಿ ಅವಳು ಆ ವರ್ಷ ಕೇಳಿರಲಿಲ್ಲ.

ವಿಳಾಸ ಅವಳಿಗೆ ಈಗಲೂ ಗೊತ್ತಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಅವಳ ಲೆಕ್ಕ. ವಾರದಲ್ಲಿ ಆರು ದಿನ, ಬೆಳಿಗ್ಗೆ ಎಂಟರಿಂದ ನಾಲ್ಕರವರೆಗೆ, ಹೊಸ ಮೇಜಿನಲ್ಲಿ ಕೂತ ಇಬ್ಬರು ಹುಡುಗಿಯರ ಬೆನ್ನ ಹಿಂದೆ ನಿಂತು ಹೂಂ, ಊಹೂಂ ಎನ್ನುತ್ತಾಳೆ.